ಅಂಕ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ

ನಮ್ಮ ಬೀದಿಯಲ್ಲಿ ಈ ಸಲ ಎಸ್ಸೆಸ್ಸೆಲ್ಸಿ ಬರೆದ ಮಕ್ಕಳು ಮೂವರು. ಸೆಕೆಂಡ್ ಪಿಯು ಬರೆದವಳು ಒಬ್ಬಳು. ರಿಸಲ್ಟ್ ಇನ್ನೂ ಬಂದಿಲ್ಲ. ಆದರೆ ಹಾಲಿನ ಬೂತಿನ ಮುಂದೆ, ನೀರು ಬಿಟ್ಟ ಹೊತ್ತಿನಲ್ಲಿ ನಲ್ಲಿಯ ಹತ್ತಿರ, ಶನಿವಾರ ಆಂಜನೇಯನ ಗುಡಿಯಲ್ಲಿ, ಆ ನಾಲ್ಕು ಮನೆಯವರು ಕಂಡರೆ ಸಾಕು, "ಹೆಂಗ್ ಬರೆದಿದಾನಂತೆ? ಎಷ್ಟು ಬರಬಹುದು?" ಅನ್ನುವ ಮಾತು ಬಂದೇ ಬರುತ್ತದೆ. ಮೊನ್ನೆ ಆ ಪಿಯು ಹುಡುಗಿ ನನ್ನನ್ನು ದೂರದಿಂದಲೇ ನೋಡಿ ಪಕ್ಕದ ಓಣಿಗೆ ತಿರುಗಿಬಿಟ್ಟಳು. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈ ಮೇಡಂ ಕೂಡ ಅದನ್ನೇ ಕೇಳುತ್ತಾರೆ ಅಂದುಕೊಂಡಿರಬೇಕು. ಅವಳ ಲೆಕ್ಕ ತಪ್ಪಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಅಣ್ಣನನ್ನು ಇದೇ ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದವಳು ನಾನೇ.

ಅವಳು ಓಣಿಗೆ ತಿರುಗಿದ್ದನ್ನು ನೋಡಿದ ಮೇಲೆ ಈ ಮನವಿ ಬರೆಯಬೇಕು ಅನ್ನಿಸಿತು. ನಾನು ಕೇಳಿಕೊಳ್ಳುವುದು ಬಹಳ ಸಣ್ಣದು. ಈ ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಮನೆಯದಲ್ಲದ ಯಾವ ಮಗುವನ್ನೂ ಅಂಕ ಎಷ್ಟು ಅಂತ ಕೇಳಬೇಡಿ. ನಿಮ್ಮ ಮನೆಯದೇ ಮಗುವಾದರೆ ಅಂಕವನ್ನು ಮೊದಲ ಪ್ರಶ್ನೆ ಮಾಡಬೇಡಿ.

ನಾವು ಕನ್ನಡದವರು ಯಾರೇ ಸಿಕ್ಕರೂ ಮೊದಲು ಕೇಳುವುದು "ಊಟ ಆಯ್ತಾ?" ಧಾರವಾಡದ ಕಡೆ "ಊಟ ಆತೇನ್ರಿ?" ಅಂತಾರೆ. ಮಂಗಳೂರಿಗೆ ಹೋದರೆ ತುಳುವಿನಲ್ಲಿ "ವಣಸ್ ಆಂಡಾ?" ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರನ್ನೂ ಕೇಳುತ್ತೇವೆ. ಉತ್ತರ ಏನೇ ಬರಲಿ, ನೀವು ಇದ್ದೀರಿ, ನಾನು ಗಮನಿಸಿದೆ ಅನ್ನುವುದು ಆ ಮಾತಿನ ಅರ್ಥ. ಇಷ್ಟು ಒಳ್ಳೆಯ ಪ್ರಶ್ನೆ ಬಾಯಲ್ಲಿರುವ ನಾವು ಶಾಲೆಯಿಂದ ಬಂದು ಇನ್ನೂ ಚಪ್ಪಲಿ ಬಿಡದ ಮಗುವಿಗೆ ಮಾತ್ರ "ಟೆಸ್ಟ್ ಪೇಪರ್ ಕೊಟ್ರಾ? ಎಷ್ಟು ಬಂತು?" ಅನ್ನುತ್ತೇವೆ.

ಒಂದು ರಿಸಲ್ಟ್ ದಿನ ನನಗೆ ಮರೆಯುವುದಿಲ್ಲ. ಆಗ ಮನೆಮನೆಯಲ್ಲಿ ಫೋನಿನಲ್ಲಿ ನೋಡುವ ಅನುಕೂಲ ಇರಲಿಲ್ಲ. ಶಾಲೆಯ ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸುತ್ತಿದ್ದೆವು. ಒಬ್ಬ ಹುಡುಗನಿಗೆ ಶೇಕಡಾ 61 ಬಂದಿತ್ತು. ಫಸ್ಟ್ ಕ್ಲಾಸ್. ಅವನ ಅಪ್ಪ ಪಟ್ಟಿಯ ಮುಂದೆ ನಿಂತು, ಬೆರಳಿಟ್ಟು ನೋಡಿ, ಅವನ ಹೆಸರಿಗಿಂತ ಮೇಲಿನ ಹೆಸರುಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸಿ ಮುಗಿಸಿ, "ನಮ್ಮ ತಮ್ಮನ ಮಗನಿಗೆ ಎಂಬತ್ತೆರಡು. ಮುಖ ಎತ್ತದ ಹಾಗೆ ಮಾಡಿದ್ಯಲ್ಲೋ" ಅಂದರು, ಎಲ್ಲರಿಗೂ ಕೇಳುವ ಹಾಗೆ. ಹುಡುಗ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ಒಂದು ಕಾಲಿನಿಂದ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದ. ಟಕ ಟಕ ಟಕ ಅಂತ ಸದ್ದು. ಅಪ್ಪ ಹೊರಟುಹೋದ ಮೇಲೂ ಆ ಸದ್ದು ನಿಲ್ಲಲಿಲ್ಲ. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಹೋಗಿ ಬೆನ್ನು ತಟ್ಟಬಹುದಿತ್ತು. ನೂರಕ್ಕೆ ನೂರು ತೆಗೆದ ಹುಡುಗಿಯ ಮನೆಯವರು ಪೇಡಾ ತಂದಿದ್ದರು, ಅದನ್ನು ತಿನ್ನುತ್ತಾ ಅಲ್ಲೇ ಕೂತೆ.

ಅವನು ಮುಂದೆ ಏನಾದ ಅಂತ ಹೇಳಿ ಕಥೆಗೆ ಮುಕುಟ ಇಡುವ ಆಸೆ ನನಗಿಲ್ಲ. ಇಂಥ ಬರಹಗಳಲ್ಲಿ ಫೇಲಾದವನು ಕಡೆಗೆ ಕಾರ್ಖಾನೆ ಕಟ್ಟಿರುತ್ತಾನೆ, ಇಲ್ಲವೇ ಐಎಎಸ್ ಆಗಿರುತ್ತಾನೆ. ಅದೂ ಅಂಕ ಎಣಿಸುವ ಬುದ್ಧಿಯೇ, ಪಟ್ಟಿ ಮಾತ್ರ ಬೇರೆ. ಕಾರ್ಖಾನೆ ಕಟ್ಟದ ಹುಡುಗನಿಗೂ ಆ ಸಂಜೆ ನೆಮ್ಮದಿಯಾಗಿ ಒಂದು ತುತ್ತು ಉಣ್ಣುವ ಹಕ್ಕಿತ್ತು.

ಉತ್ಪ್ರೇಕ್ಷೆ ಅನ್ನುವವರಿಗೆ ಒಂದೇ ಒಂದು ಅಂಕಿ ಕೊಡುತ್ತೇನೆ, ಗಣಿತದ ಮೇಡಂ ಆಗಿ ಅಷ್ಟಾದರೂ ಕೊಡಬೇಕಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ದಿನಕ್ಕೆ ಮೂವತ್ತೈದಕ್ಕಿಂತ ಹೆಚ್ಚು, ಅಂದರೆ ಒಂದು ತರಗತಿಯಷ್ಟು. ಎಲ್ಲರೂ ಅಂಕದ ಕಾರಣಕ್ಕೆ ಹೋದವರಲ್ಲ. ಮನೆಯ ಜಗಳ, ಕಾಯಿಲೆ, ಪ್ರೀತಿ ಪ್ರೇಮದ ಸಂಕಟ, ಒಂಟಿತನ, ಹೀಗೆ ಒಂದರ ಮೇಲೊಂದು ಕೂಡಿಕೊಂಡು ಬರುತ್ತವೆ. ಒಂದೇ ಕಾರಣ ಹುಡುಕುವುದು ಸುಲಭ, ಆದರೆ ಸರಿಯಲ್ಲ. ಅಷ್ಟೆಲ್ಲ ಭಾರ ಹೊತ್ತು ನಿಂತ ಮಗುವಿನ ತಲೆ ಮೇಲೆ ನಾವೂ ಒಂದು ಇಟ್ಟಿಗೆ ಯಾಕೆ ಇಡಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

ಇನ್ನೊಂದು ಮಾತು ತಂದೆ ತಾಯಂದಿರಿಗೆ ಗೊತ್ತಿರಲಿ. ನಮ್ಮ ಕಾಲದಲ್ಲಿ ಫೇಲಾದರೆ ಒಂದು ವರ್ಷ ಹೋಯಿತು ಅಂತಲೇ ಅರ್ಥ. ಈಗ ಹಾಗಿಲ್ಲ. 2023-24ರ ಸಾಲಿನಿಂದ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿರುತ್ತದೋ ಅದನ್ನೇ ಉಳಿಸಿಕೊಳ್ಳಬಹುದು. ಉತ್ತರಪತ್ರಿಕೆಯ ನಕಲು ತರಿಸಿಕೊಂಡು ನೋಡಬಹುದು, ಮರುಮೌಲ್ಯಮಾಪನಕ್ಕೆ ಹಾಕಬಹುದು. ಸರ್ಕಾರವೇ ಮಗುವಿಗೆ ಒಂದಕ್ಕಿಂತ ಹೆಚ್ಚು ಅವಕಾಶ ಕೊಟ್ಟಿರುವಾಗ ಮನೆಯಲ್ಲಿ ಒಂದೇ ಸಲಕ್ಕೆ ತೀರ್ಪು ಹೇಳಿ ಮುಗಿಸುವ ಅವಸರ ಏನು? 2025ರಲ್ಲಿ ಉತ್ತರ ಕರ್ನಾಟಕದ ಕಡೆಯಿಂದ ಒಂದು ಸುದ್ದಿ ಓಡಾಡಿತು. ಆರಕ್ಕೆ ಆರೂ ವಿಷಯದಲ್ಲಿ ಫೇಲಾದ ಮಗನಿಗೆ ಮನೆಯವರು ಕೇಕ್ ತಂದು ಕತ್ತರಿಸಿ ಧೈರ್ಯ ಹೇಳಿದ್ದರು. ಕೆಲವರು ನಕ್ಕರು, ಫೇಲಾದವನಿಗೆ ಮೆರವಣಿಗೆ ಬೇರೆ ಕೇಡು ಅಂದರು. ಕೇಕೇ ಬೇಕು ಅಂತ ನಾನೂ ಹೇಳುವುದಿಲ್ಲ. ಆದರೆ ಆ ರಾತ್ರಿ ಆ ಹುಡುಗ ನಿದ್ದೆ ಮಾಡಿರುತ್ತಾನೆ ಅಂತ ನನಗೆ ನಂಬಿಕೆ.

ರಿಸಲ್ಟ್ ಒಂದು ದಿನದ್ದು. ಉಳಿದ ಮುನ್ನೂರ ಅರವತ್ನಾಲ್ಕು ದಿನ ಮನೆಯಲ್ಲಿ ಏನು ನಡೆಯುತ್ತದೆ ಅನ್ನುವುದು ನಿಜವಾದ ವಿಷಯ.

ಹೋದ ಸಂಕ್ರಾಂತಿಗೆ ನನ್ನ ತಂಗಿಯ ಮೊಮ್ಮಗಳು ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೇ ಕ್ಲಾಸು. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಂತೆ ಇದ್ದಳು. "ಸ್ಕೂಲ್ ಹೆಂಗಿದೆ ಪುಟ್ಟಿ?" ಅಂದರೆ "ಚೆನ್ನಾಗಿದೆ". "ಫ್ರೆಂಡ್ಸ್?" ಅಂದರೆ "ಇದಾರೆ". ಎದುರಿಗೆ ಕೂರಿಸಿಕೊಂಡು ಕೇಳಿದರೆ ಇಷ್ಟೇ. ಪೊಲೀಸ್ ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟ ಹಾಗೆ. ಮೂರನೇ ದಿನ ಸಂಜೆ ಹಿತಕಿದ ಬೇಳೆ ಸಾರು ಮಾಡೋಣ ಅಂತ ನೆನೆಹಾಕಿದ ಅವರೆಕಾಳನ್ನು ದೊಡ್ಡ ಬೋಗುಣಿಯಲ್ಲಿ ನಡುಮನೆಗೆ ತಂದಿಟ್ಟೆ. ಗೊತ್ತಿರುವವರಿಗೆ ಗೊತ್ತು, ಅದು ಒಬ್ಬರು ಮಾಡಿ ಮುಗಿಸುವ ಕೆಲಸವಲ್ಲ. ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕಬೇಕು, ಬೇಳೆ ಪುಳಕ್ ಅಂತ ಹೊರಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಅವಳೂ ಬಂದು ಕೂತಳು. ಮೊದಲು ಎರಡು ಬೇಳೆ ನನ್ನ ಕನ್ನಡಕಕ್ಕೆ ಹಾರಿಸಿ ನಕ್ಕಳು. ಆಮೇಲೆ ಸುಮಾರು ಹೊತ್ತು ಇಬ್ಬರೂ ಸುಮ್ಮನೆ ಹಿತುಕುತ್ತಿದ್ದೆವು. ಅರ್ಧ ಬೋಗುಣಿ ಆಗಿರಬೇಕು. ತಲೆ ಎತ್ತದೆ ಹೇಳಿದಳು:

"ಅಜ್ಜಿ, ನಮ್ ಕ್ಲಾಸಲ್ಲಿ ನನ್ ಜೊತೆ ಯಾರೂ ಊಟಕ್ಕೆ ಕೂರಲ್ಲ."

ನನ್ನ ಬಾಯಿಗೆ ಬಂದಿದ್ದು "ಯಾಕೆ? ನೀನೇನ್ ಮಾಡ್ದೆ?" ಅನ್ನುವ ಮಾತು. ಇಪ್ಪತ್ತೆಂಟು ವರ್ಷದ ಮೇಡಂ ಚಾಳಿ. ಹೇಗೋ ನುಂಗಿಕೊಂಡೆ. "ಹೂಂ" ಅಂದು ಮುಂದಿನ ಕಾಳು ಹಿತುಕಿದೆ. ಆಗ ಒಂದೊಂದಾಗಿ ಬಂತು. ಒಂದು ಫೋಟೋ ವಿಷಯಕ್ಕೆ ಗೆಳತಿಯರ ಜೊತೆ ಮಾತು ಬೆಳೆದಿದ್ದು, ವಾಟ್ಸಾಪ್ ಗುಂಪಿನಿಂದ ಇವಳನ್ನು ತೆಗೆದುಹಾಕಿದ್ದು, ಎರಡು ತಿಂಗಳಿಂದ ಡಬ್ಬಿ ಹಿಡಿದು ಕೈತೊಳೆಯುವ ನಲ್ಲಿಯ ಹತ್ತಿರ ನಿಂತುಕೊಂಡೇ ಉಣ್ಣುತ್ತಿದ್ದುದು, ಕೆಲವು ದಿನ ಡಬ್ಬಿ ತೆರೆಯದೆ ವಾಪಸು ತಂದು ದಾರಿಯಲ್ಲಿ ನಾಯಿಗೆ ಹಾಕಿದ್ದು. ಈ ಎರಡು ತಿಂಗಳಲ್ಲಿ ಅವಳ ಅಪ್ಪ ಅಮ್ಮ ದಿನವೂ ಕೇಳುತ್ತಿದ್ದುದು ಯೂನಿಟ್ ಟೆಸ್ಟಿನ ಅಂಕ. ಯಾರ ಜೊತೆ ಊಟ ಮಾಡಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಕೆಟ್ಟವರಲ್ಲ ಪಾಪ, ಇಬ್ಬರೂ ಏಳು ಗಂಟೆಗೆ ಸುಸ್ತಾಗಿ ಬರುವವರು.

ಅವಳ ಅಮ್ಮನಿಗೆ ಹೇಳಿದೆ, ಅದಕ್ಕೂ ಮೊದಲು ಅವಳ ಒಪ್ಪಿಗೆ ಕೇಳಿದೆ. ಅಮ್ಮ ಕ್ಲಾಸ್ ಟೀಚರನ್ನು ಕಂಡರು. ಈಗ ಇಬ್ಬರು ಹುಡುಗಿಯರು ಜೊತೆಗೆ ಕೂರುತ್ತಾರಂತೆ. ಪೂರ್ತಿ ಸರಿಹೋಯಿತು ಅಂತ ಹೇಳಲಾರೆ. ಆದರೆ ಅವಳು ಈಗ ನನಗೆ ಫೋನ್ ಮಾಡುತ್ತಾಳೆ.

ಇದರಿಂದ ನಾನು ಕಲಿತಿದ್ದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಹದಿಮೂರು ದಾಟಿದ ಮಕ್ಕಳು ಮುಖ ಕೊಟ್ಟು ಮಾತಾಡುವುದಿಲ್ಲ. ಪಕ್ಕದಲ್ಲಿದ್ದು, ಕೈಗೆ ಕೆಲಸವಿದ್ದು, ಕಣ್ಣು ಬೇರೆಲ್ಲೋ ಇದ್ದರೆ ಮಾತಾಡುತ್ತಾರೆ. ಸ್ಕೂಟರಿನ ಹಿಂದೆ ಕೂತಾಗ, ಬಟ್ಟೆ ಮಡಚುವಾಗ, ಅಮ್ಮ ದೋಸೆ ಹೊಯ್ಯುತ್ತಿರುವಾಗ ಅಡುಗೆಮನೆ ಕಟ್ಟೆಗೆ ಒರಗಿಕೊಂಡು. ಹಾಗೆ ಬಂದು ಒರಗಿಕೊಂಡ ಮಗುವನ್ನು "ಹೋಗು, ಓದ್ಕೋ ಹೋಗು" ಅಂತ ಅಟ್ಟಬೇಡಿ. ಅದು ಮತ್ತೆ ಯಾವಾಗ ಬಂದು ಒರಗುತ್ತದೋ ಗೊತ್ತಿಲ್ಲ. ಮಾತು ಶುರುವಾದರೆ ತೀರ್ಪು ಕೊಡಬೇಡಿ, ನಮ್ಮ ಕಾಲದ ಕಥೆ ತೆಗೆಯಬೇಡಿ. ಕೆಲವೊಮ್ಮೆ "ಹೂಂ" ಸಾಕು.

ನಮ್ಮ ಕಾಲದ ಮಾತು ಬಂತು ಅಂತ ಹೇಳುತ್ತೇನೆ, ಹಿಂದೆ ಎಲ್ಲ ಚೆನ್ನಾಗಿತ್ತು, ಕೂಡುಕುಟುಂಬದಲ್ಲಿ ಮಕ್ಕಳು ತಾವಾಗಿ ಬೆಳೆಯುತ್ತಿದ್ದವು ಅನ್ನುವವರ ಪಂಗಡ ನನ್ನದಲ್ಲ. ನಮ್ಮ ತಂದೆಯ ಕಾಲದ ಶಾಲೆಯಲ್ಲಿ ಕೋದಂಡ ಇತ್ತು. ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಹುಡುಗರನ್ನು ಜೋತು ಹಾಕುತ್ತಿದ್ದರು. ನನ್ನ ಕಾಲದಲ್ಲಿ ಹುಣಸೆ ಬರಲು. ಕೂಡುಕುಟುಂಬದಲ್ಲಿ ಅತ್ತ ಮಗುವನ್ನು ಸಂತೈಸಲು ಒಬ್ಬ ಅಜ್ಜಿ ಇದ್ದರೆ, ಅಳಿಸಲು ನಾಲ್ಕು ಜನ ದೊಡ್ಡಪ್ಪ ಚಿಕ್ಕಪ್ಪಂದಿರೂ ಇದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಅದು ಶಾಲೆಗೆ ಅನ್ವಯ. ಮನೆಗೆ ಆ ಕಾಯ್ದೆಯನ್ನು ನಾವೇ ತರಬೇಕು. ಬೆರಳು ಎತ್ತದವರೂ ಮಾತಿನಲ್ಲಿ ಬಾಸುಂಡೆ ಬರಿಸುತ್ತೇವೆ: "ನಿನ್ನನ್ನ ಸಾಕೋ ಬದಲು ಎರಡು ಎಮ್ಮೆ ಸಾಕಿದ್ರೆ ಹಾಲಾದ್ರೂ ಕೊಡ್ತಿತ್ತು." ಇದನ್ನು ನಾವು ತಮಾಷೆ ಅಂದುಕೊಂಡಿದ್ದೇವೆ. ಕೇಳಿಸಿಕೊಳ್ಳುವವರಿಗೆ ಹದಿನಾಲ್ಕು ವರ್ಷ.

ಅಪ್ಪಂದಿರಿಗೆ ಒಂದು ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಅಂಕ ಚೆನ್ನಾಗಿ ಬಂದರೆ "ನನ್ನ ಮಗಳು", ಕಡಿಮೆ ಬಂದರೆ "ನೋಡು ನಿನ್ನ ಮಗಳು". ಮಗುವಿಗೆ ಹೇಳಬೇಕಾದ್ದನ್ನೆಲ್ಲ ಅಮ್ಮನ ಮೂಲಕ ದಾಟಿಸುವ ಅಪ್ಪ ಮಗುವಿಗೆ ಫೀಸು ಕಟ್ಟುವ ಕೌಂಟರ್ ಆಗಿಬಿಡುತ್ತಾನೆ. ಮಗಳನ್ನು ಟ್ಯೂಷನ್ನಿಗೆ ಬಿಟ್ಟುಬರುವ ಹತ್ತು ನಿಮಿಷದ ದಾರಿ ಇದೆಯಲ್ಲ, ಆ ಹತ್ತು ನಿಮಿಷ ಫೋನ್ ಕಿವಿಗೆ ಸಿಕ್ಕಿಸಿಕೊಳ್ಳದೆ ಹೋಗಿ ಬನ್ನಿ. ಮಗ ಮೂಡಬಿದಿರೆಯಲ್ಲೋ ಬೆಂಗಳೂರಲ್ಲೋ ಹಾಸ್ಟೆಲಿನಲ್ಲಿದ್ದರೆ ಭಾನುವಾರದ ಫೋನು ನೀವೇ ಮಾಡಿ. "ವೀಕ್ಲಿ ಟೆಸ್ಟಲ್ಲಿ ರ್‍ಯಾಂಕ್ ಎಷ್ಟು" ಅಂತ ಶುರು ಮಾಡಬೇಡಿ. ಮೆಸ್ಸಿನಲ್ಲಿ ಇವತ್ತು ಏನಿತ್ತು, ರೂಮಿನ ಫ್ಯಾನ್ ರಿಪೇರಿ ಆಯಿತಾ, ನಮ್ಮ ಹಸು ಕರು ಹಾಕಿತು, ಇಂಥವು ಸಾಕು. ಮನೆ ಅಲ್ಲೇ ಇದೆ ಅನ್ನುವುದು ಅವನಿಗೆ ಗೊತ್ತಾಗಬೇಕು.

ಇನ್ನು ನಿದ್ದೆ. ಇಲ್ಲಿ ನನ್ನದೇ ತಪ್ಪೊಪ್ಪಿಗೆ ಇದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಬೆಳಗಿನ ಜಾವ ಮೇಷ್ಟ್ರೇ ಫೋನ್ ಮಾಡಿ ಎಬ್ಬಿಸುವ ಪದ್ಧತಿ ನಮ್ಮಲ್ಲಿ ಬಂತು. ನಾನೂ ನಾಲ್ಕೂವರೆಗೆ ಎದ್ದು ಮಕ್ಕಳ ಮನೆಗಳಿಗೆ ಫೋನ್ ಮಾಡುತ್ತಿದ್ದೆ. ಬಹಳ ಹೆಮ್ಮೆಯೂ ಇತ್ತು. ವರ್ಷಗಳ ಮೇಲೆ ಒಬ್ಬಳು ಶಿಷ್ಯೆ ಮದುವೆ ಮನೆಯಲ್ಲಿ ಸಿಕ್ಕಿ ನಗುತ್ತಾ ಹೇಳಿದಳು, "ಮಿಸ್, ನೀವು ಫೋನ್ ಇಟ್ ತಕ್ಷಣ ಪುಸ್ತಕ ತೆಗೆದು ಅದರ ಮೇಲೇ ಮಲಗ್ತಿದ್ದೆ. ಆ ವರ್ಷ ಪೂರ್ತಿ ತಲೆನೋವು." ಹದಿಹರೆಯಕ್ಕೆ ಬಂದ ಮಕ್ಕಳ ಮೈಯ ಗಡಿಯಾರವೇ ಸ್ವಲ್ಪ ಮುಂದಕ್ಕೆ ಸರಿಯುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಅವರಲ್ಲಿ ರಾತ್ರಿ ತಡವಾಗಿ ಏರುತ್ತದೆ. ಹತ್ತು ಗಂಟೆಗೆ ನಿದ್ದೆ ಬರಲಿಲ್ಲ ಅಂದರೆ ಅದು ಸೊಕ್ಕಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ವೈದ್ಯರು. ಹನ್ನೊಂದಕ್ಕೆ ಮಲಗಿದ ಹುಡುಗಿಯನ್ನು ನಾಲ್ಕೂವರೆಗೆ ಎಬ್ಬಿಸಿದ ನಾನು ದಿನಕ್ಕೆ ಎರಡೂವರೆ ಗಂಟೆ ಕದ್ದೆ. ಓದಿದ್ದು ತಲೆಯಲ್ಲಿ ನಿಲ್ಲುವುದೂ ನಿದ್ದೆಯಲ್ಲೇ, ಅಂದರೆ ಕದ್ದ ಮಾಲಿನಿಂದ ನನಗೂ ಲಾಭವಾಗಲಿಲ್ಲ.

ಹೆಣ್ಣುಮಕ್ಕಳ ತಾಯಂದಿರು ಇನ್ನೊಂದನ್ನು ಗಮನಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ ತೋರಿಸಿತು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ಸುಸ್ತು, ಸಿಡುಕು, ಓದಲು ಕೂತರೆ ಮನಸ್ಸು ನಿಲ್ಲದಿರುವುದು, ಇದನ್ನೆಲ್ಲ ನಾವು ಸೋಮಾರಿತನ ಅಂತ ಬೈಯುತ್ತೇವೆ. ಬೈಯುವ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿಯರನ್ನು ನಾನು ಕಂಡಿದ್ದೇನೆ, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ. ಊಟ ಮಾಡಿ ನುಂಗು ಅಂತ ಹೇಳುವವರು ಬೇಕು. ನೋಡಿ, ಇಲ್ಲೂ ಪ್ರಶ್ನೆ ಅದೇ: ಊಟ ಆಯ್ತಾ?

ಮೊಬೈಲಿನ ಬಗ್ಗೆ ಬರೆಯದಿದ್ದರೆ ಈ ಪತ್ರ ಓದಿದವರೇ ನನಗೆ ಬೈಯುತ್ತೀರಿ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು, ಅಂದರೆ ಈ ತೊಂದರೆ ಇವತ್ತು ಹುಟ್ಟಿದ್ದಲ್ಲ. ಆದರೆ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳುವ ಅಪ್ಪ ಅಮ್ಮ ತಮ್ಮ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಾರೆ. ಬೆಳಗಾವಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ. 2022ರಿಂದ ಅಲ್ಲಿ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಇಡೀ ಊರಿನಲ್ಲಿ ಟಿವಿ, ಮೊಬೈಲು ಬಂದ್. ಎಂಟೂವರೆಗೆ ಮತ್ತೆ ಶುರು. ಈ ಕ್ರಮದಲ್ಲಿ ನನಗೆ ಹಿಡಿಸಿದ್ದು ಸೈರನ್ ಅಲ್ಲ, ದೊಡ್ಡವರೂ ಆಫ್ ಮಾಡಬೇಕು ಅನ್ನುವ ಕಟ್ಟಳೆ. ನಮ್ಮ ಮನೆಗಳಿಗೆ ಸೈರನ್ ಬೇಡ. ರಾತ್ರಿ ಊಟಕ್ಕೆ ಕೂರುವಾಗ ಎಲ್ಲರ ಫೋನೂ, ಅಜ್ಜನದೂ ಸೇರಿ, ಟಿವಿ ಸ್ಟ್ಯಾಂಡಿನ ಮೇಲೆ. ಮಲಗುವ ಕೋಣೆಗೆ ಯಾರ ಫೋನೂ ಇಲ್ಲ. ಮೊದಲ ವಾರ ಮಕ್ಕಳಿಗಿಂತ ಹೆಚ್ಚು ಚಡಪಡಿಸುವವರು ನಾವೇ, ನೋಡುತ್ತಿರಿ.

ಫೋನ್ ಕಿತ್ತುಕೊಂಡರೆ ಬದಲಿಗೆ ಏನು ಕೊಡುತ್ತೀರಿ ಅನ್ನುವುದೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರುವ ಚಟುವಟಿಕೆ ಬೇಕು ಅನ್ನುತ್ತದೆ. ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ "ಚೆಂಡಾಟ ನಿಷೇಧ" ಅಂತ ಬೋರ್ಡು. ಅಪಾರ್ಟ್‌ಮೆಂಟುಗಳಲ್ಲಿ ಕಾರಿಗೆ ಚೆಂಡು ತಾಗುತ್ತದೆ ಅಂತ ಹುಡುಗರನ್ನು ಅಟ್ಟುತ್ತಾರೆ. ನಾಗರಿಕ ಸಮಿತಿಯ ಪದಾಧಿಕಾರಿಗಳೇ, ಐದರಿಂದ ಏಳು ಗಂಟೆಯವರೆಗೆ ಆ ಬೋರ್ಡು ತೆಗೆದಿಡಿ. ಕಾರಿಗೆ ಗೀರು ಬಿದ್ದರೆ ಬಣ್ಣ ಬಳಿಯಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮಕ್ಕಳಿಗೆ ತೆರೆದಿದೆ, ಅರಿವು ಕೇಂದ್ರ ಅಂತ ಹೆಸರಾಗಿದೆ. ಸಂಜೆ ಅಲ್ಲಿ ಬೀಗ ಬಿದ್ದಿದ್ದರೆ ಪಿಡಿಒ ಅವರನ್ನು ಕೇಳಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ನಡೆಯಬೇಕು. ಅಲ್ಲಿ ಮಕ್ಕಳು ಆಟದ ಮೈದಾನ, ಶೌಚಾಲಯ, ಬೀದಿ ದೀಪ ಕೇಳುತ್ತಾರೆ. ಕೂತು ಕೇಳಿಸಿಕೊಳ್ಳಿ, ಫೋಟೋ ತೆಗೆಸಿಕೊಂಡು ಹೊರಟುಬಿಡಬೇಡಿ.

ಶಾಲೆ, ಕಾಲೇಜುಗಳ ಪೋಷಕರ ಸಭೆಯಲ್ಲೂ ಒಂದು ಪ್ರಶ್ನೆ ಎತ್ತಬೇಕಾಗಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಿರ್ದೇಶನಗಳನ್ನು ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು, ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು ಅಂತ ಅದರಲ್ಲಿದೆ. ಬಸ್ ಸ್ಟ್ಯಾಂಡಿನ ಎದುರು ಟಾಪರ್‌ಗಳ ಫ್ಲೆಕ್ಸ್ ಹಾಕಲು ದುಡ್ಡಿರುವ ಸಂಸ್ಥೆಗೆ ಒಬ್ಬ ಸಮಾಲೋಚಕರನ್ನು ಇಟ್ಟುಕೊಳ್ಳಲು ದುಡ್ಡಿರುತ್ತದೆ. ಎಲ್ಲಿದ್ದಾರೆ, ಯಾವ ದಿನ ಸಿಗುತ್ತಾರೆ ಅಂತ ಕೇಳಿ.

ಕೊನೆಯದು ಕಷ್ಟದ ಮಾತು, ಆದರೂ ಹೇಳಬೇಕು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡಿತು. ಐವತ್ತು ಮಕ್ಕಳ ತರಗತಿಯಲ್ಲಿ ಮೂರು ನಾಲ್ಕು ಮಕ್ಕಳು. ನನ್ನ ತರಗತಿಗಳಲ್ಲೂ ಇದ್ದಿರಲೇಬೇಕು. ನಾನು ಅವರನ್ನು ಹಿಂದಿನ ಬೆಂಚಿನ ದಡ್ಡರು ಅಂದುಕೊಂಡೆ.

ಇಷ್ಟಪಡುತ್ತಿದ್ದ ಆಟವನ್ನು, ಹಾಡನ್ನು ವಾರಗಟ್ಟಲೆ ಬಿಟ್ಟುಬಿಡುವುದು, ಊಟ ನಿದ್ದೆ ಎರಡೂ ಏರುಪೇರಾಗುವುದು, ಕಾರಣವಿಲ್ಲದೆ ರೇಗುವುದು, ಜೋಪಾನವಾಗಿ ಇಟ್ಟುಕೊಂಡ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ರೆ ನಿಮಗೆಲ್ಲ ನೆಮ್ಮದಿ" ಅನ್ನುವುದು, ಇವುಗಳನ್ನು ನಾಟಕ ಅನ್ನಬೇಡಿ. ಪಕ್ಕದಲ್ಲಿ ಕೂತು ನೇರವಾಗಿ ಕೇಳಿ, "ಬದುಕೋದೇ ಬೇಡ ಅನ್ನಿಸ್ತಿದೆಯಾ ಕಂದಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಭಯ ನಮ್ಮಲ್ಲಿದೆ. ಹಾಗಾಗುವುದಿಲ್ಲ, ಕೇಳಿದರೆ ಭಾರ ಇಳಿಯುತ್ತದೆ ಅಂತ ತಿಳಿದವರೆಲ್ಲ ಹೇಳುತ್ತಾರೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಹಳ್ಳಿಯ ಮನೆಯವರು ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಲೇಬೇಡಿ, ಹೊರಗೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ. ಇದನ್ನು ಇವತ್ತೇ ಮಾಡಿ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರೂ ಮಾಡಿ.

ತೋರಿಸುವುದು ಎಲ್ಲಿ ಅಂದರೆ, ನಿಮ್ಹಾನ್ಸಿಗೇ ಹೋಗಬೇಕಾಗಿಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಪೊಲೀಸ್ ಕೇಸ್ ಆಗುತ್ತದೆ ಅನ್ನುವ ಹೆದರಿಕೆಯಿಂದ ಎಷ್ಟೋ ಮನೆಯವರು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ. ಅವರಿಗೆ ಶಿಕ್ಷೆಯಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ.

ನಾಳೆ ಬೆಳಿಗ್ಗೆ ನಾನು ಆ ಪಿಯು ಹುಡುಗಿಯ ಮನೆಗೆ ಒಂದು ಡಬ್ಬಿ ಹುಳಿಯವಲಕ್ಕಿ ತೆಗೆದುಕೊಂಡು ಹೋಗುತ್ತೇನೆ. ಪರೀಕ್ಷೆಯ ಮಾತು ಎತ್ತುವುದಿಲ್ಲ. ನಿಮ್ಮ ಬೀದಿಯಲ್ಲೂ ಅಂಥ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ನೋಡಲು ಹೊರಡುವ ಮುಂಚೆ ಒಂದು ಪೆನ್ನು ತೆಗೆದುಕೊಳ್ಳಿ. ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ, ಮಕ್ಕಳ ಕಣ್ಣಿಗೂ ಬೀಳುವ ಹಾಗೆ ಎರಡು ನಂಬರ್ ಬರೆದಿಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.